ಹನ್ನೆರಡು ಬಾಗಿಲಿನ ಪೆಂಡಾಲು

ಮೊನ್ನೆ ಹರಿಹರದ ನಮ್ಮ ಗೋದಾಮಿನ ಬೀಗ ತೆಗೆದಾಗ ಒದ್ದೆ ಕನಾತಿನ ವಾಸನೆ ಮುಖಕ್ಕೆ ಹೊಡೆಯಿತು. ಕನಾತು ಅಂದರೆ ಪೆಂಡಾಲಿನ ಸುತ್ತ ಕಟ್ಟುವ ಬಟ್ಟೆಯ ಗೋಡೆ. ಯಾವನೋ ಪುಣ್ಯಾತ್ಮ ಮದುವೆ ಮನೆಯಿಂದ ತಂದವನು ಒಣಗಿಸದೆ ಹಾಗೇ ಮಡಚಿಟ್ಟಿದ್ದ. ಬೈಯಬೇಕೆಂದು ಬಾಯಿ ತೆರೆದೆ, ಬೈಗುಳ ಹೊರಡಲಿಲ್ಲ. ಸೆಣಬಿನ ಹಗ್ಗ, ಹಳೆಯ ದಪ್ಪ ಬಟ್ಟೆ, ಮಳೆನೀರು ಮೂರೂ ಸೇರಿದ ಆ ವಾಸನೆ ನನ್ನನ್ನು ಒಂದು ವರ್ಷಕ್ಕೆ ಎಳೆದುಕೊಂಡು ಹೋಯಿತು. ಒಂದು ಚಳಿಗಾಲದಿಂದ ಮುಂದಿನ ಚಳಿಗಾಲದವರೆಗಿನ ವರ್ಷ ಅದು. ಅದರ ಮೊದಲ ದಿನ ನನ್ನ ಜೀವನದ ಅತಿ ದೊಡ್ಡ ತಪ್ಪು ಮಾಡಿದೆ, ಕೊನೆಯ ದಿನ ಗೆದ್ದೆ. ಗೆದ್ದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ನನ್ನ ಸ್ವಭಾವದಲ್ಲೇ ಇಲ್ಲವೆಂದು ನಮ್ಮ ಯಜಮಾನರನ್ನು ಕೇಳಿದರೆ ಅವರೇ ಹೇಳುತ್ತಾರೆ.

ನಮ್ಮದು ಶಾಮಿಯಾನದ ಅಂಗಡಿ. ಮಾವನವರು ಶುರು ಮಾಡಿದ್ದು. ಯಜಮಾನರು ಮೆತ್ತಗಿನ ಮನುಷ್ಯ, ಗಿರಾಕಿ ದನಿ ಏರಿಸಿದರೆ ಒಳಗೆ ಹೋಗಿ ಚಹಾ ಕಾಸುತ್ತಿದ್ದರು. ಹಾಗಾಗಿ ಅಂಗಡಿ ನನ್ನ ಕೈಗೆ ಬಂತು, ಊರಿಗೆಲ್ಲ ನಾನು ಗಿರಿಜಕ್ಕ ಆದೆ. ಕೆಲಸದವರಲ್ಲಿ ಹಿರಿಯರೆಂದರೆ ಖಾದರ್ ಕಾಕಾ. ಮಾವನವರ ಕಾಲದಿಂದಲೂ ಇದ್ದವರು, ಹಗ್ಗ ಹಿಡಿದರೆ ಅವರ ಸಮ ಯಾರೂ ಇಲ್ಲ. ನಮ್ಮ ಅಂಗಡಿಗೆ ಹೆಸರು ಬಂದದ್ದೇ ಅವರ ಗಂಟಿನಿಂದ. ಕನಾತಿನ ಹಗ್ಗವನ್ನು ಕಂಬಕ್ಕೆ ಮೂರು ಸುತ್ತು ಸುತ್ತಿ, ಎರಡು ಗಂಟು ಹಾಕಿ, ಮೇಲೆ ಒಂದು ಚೆಂಬು ನೀರು ಹೊಯ್ಯುತ್ತಿದ್ದರು. ನಮ್ಮ ಕಸುಬಿನಲ್ಲಿ ಅದಕ್ಕೆ ಹಗ್ಗಕ್ಕೆ ನೀರು ಕುಡಿಸುವುದು ಅನ್ನುತ್ತೇವೆ. ನೀರು ಕುಡಿದ ಸೆಣಬು ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಆನೆ ಎಳೆದರೂ ಬಿಚ್ಚುವುದಿಲ್ಲ. ದಾವಣಗೆರೆಯ ಬೇರೆ ಶಾಮಿಯಾನದವರು ಗಾಳಿಗೆ ಕನಾತು ಹಾರಿಹೋಯಿತೆಂದು ಓಡಾಡುವಾಗ ನಾವು ಕಾಲ ಮೇಲೆ ಕಾಲು ಹಾಕಿಕೊಂಡು ಕೂರುತ್ತಿದ್ದೆವು.

ಆ ಚಳಿಗಾಲ ದಾವಣಗೆರೆಯಲ್ಲಿ ಒಂದು ದೊಡ್ಡ ಸಂಗೀತ ಉತ್ಸವ ಮಾಡಿದರು. ಊರ ಹೊರಗೆ, ಹರಿಹರದ ಕಡೆ ಬರುವ ರಸ್ತೆಯ ಬದಿಯ ಬಯಲಿನಲ್ಲಿ. ಹೊರಗಿನಿಂದ ಹೆಸರಾದ ಗಾಯಕ ಬರುವವನಿದ್ದ. ಒಳಗೆ ಬರಲು ಪಾಸು. ಪೆಂಡಾಲು ನಮ್ಮದು. ಮಧ್ಯಾಹ್ನ ಸಮಿತಿಯ ಅಧ್ಯಕ್ಷರು ಬಂದು, ‘ಗಿರಿಜಕ್ಕ, ಸುತ್ತಾನೂ ಬಿಗಿ ಮಾಡಿಸ್ರಿ. ಪಾಸ್ ಇಲ್ದೋರು ಕನಾತು ಎತ್ತಿ ನುಗ್ತಾರೆ, ಆಮ್ಯಾಲೆ ಸಂಭಾಳ್ಸಕ್ಕಾಗಲ್ಲ’ ಅಂದರು. ನಾನು ಖಾದರ್ ಕಾಕಾಗೆ, ‘ಇವತ್ತು ಎರಡು ಸಲ ನೀರು ಕುಡಿಸ್ರಿ ಕಾಕಾ’ ಅಂದೆ.

ಅವರು ಒಂದು ಕ್ಷಣ ನಿಂತು, ‘ಬಾಗ್ಲು ಒಂದೇ ಐತಲ್ಲಮ್ಮ. ಹಿಂದ್ಗಡೆ ಒಂದು ಕಡೆ ಸಡಿಲ ಬಿಡ್ಲೇನು?’ ಅಂತ ಕೇಳಿದರು.

‘ಬ್ಯಾಡ’ ಅಂದೆ.

ಅಷ್ಟೇ ಮಾತು. ಅದರ ಮೇಲೆ ಒಂದು ಕಾರಣವನ್ನೂ ಕೊಡಲಿಲ್ಲ. ಅವರು ಹೋಗಿ ನೀರು ಕುಡಿಸಿದರು.

ಸಂಜೆ ಆರೂವರೆಗೆ ಗಾಯಕನ ಕಾರು ಬಂತು. ಹೊರಗೆ ಪಾಸು ಇದ್ದವರೂ ಇಲ್ಲದವರೂ ಸೇರಿ ಬಯಲು ತುಂಬಿತ್ತು. ಅವನು ವೇದಿಕೆ ಹತ್ತಿದನೆಂಬ ಸುದ್ದಿಗೆ ಹೊರಗಿನವರು ಒಂದೇ ಸಲ ಬಾಗಿಲಿಗೆ ನುಗ್ಗಿದರು. ಒಳಗೆ ಉಸಿರು ಕಟ್ಟಿದವರು ಅದೇ ಬಾಗಿಲಿನಿಂದ ಹೊರಗೆ ಬರಲು ನೋಡಿದರು. ನಡುವೆ ಸಿಕ್ಕವರು ಎಡಗಡೆಯ ಮೂಲೆಗೆ, ಕನಾತಿಗೆ ಒತ್ತಿಕೊಂಡರು. ನಾನು ವೇದಿಕೆಯ ಹಿಂದೆ ಚಹಾ ಕುಡಿಯುತ್ತಿದ್ದೆ. ಸಮಿತಿಯವನೊಬ್ಬ ಬಂದು, ‘ಏನು ಗಂಟು ಅಕ್ಕ ನಿಮ್ದು, ಅಷ್ಟು ಜನ ಒತ್ತಿದ್ರೂ ಒಂದಿಷ್ಟೂ ಅಲ್ಲಾಡ್ತಿಲ್ಲ’ ಅಂದ. ನನಗೆ ಖುಷಿಯಾಯಿತು. ಇದನ್ನು ಬರೆಯದೆ ಬಿಡೋಣ ಅನ್ನಿಸುತ್ತದೆ, ಆದರೆ ನಿಜ ನಿಜವೇ. ಅರ್ಧ ನಿಮಿಷ ನನಗೆ ಹೆಮ್ಮೆಯಾಯಿತು.

ಆಮೇಲೆ ಆ ಮೂಲೆಯಿಂದ ಬಂದ ಕೂಗು ಹಾಡಿನ ಮೇಲೆ ಕೇಳಿಸಿತು. ಖಾದರ್ ಕಾಕಾ ಓಡಿದರು, ನಾನೂ ಓಡಿದೆ. ಹೊರಗಿನಿಂದ ನೋಡಿದರೆ ಬಟ್ಟೆ ಹೊಟ್ಟೆ ಬಂದಂತೆ ಉಬ್ಬಿತ್ತು, ಅದರೊಳಗೆ ಕೈಗಳು, ತಲೆಗಳು ಮೂಡಿ ಕಾಣುತ್ತಿದ್ದವು. ಕಾಕಾ ತಾವೇ ಹಾಕಿದ ಗಂಟನ್ನು ಹಲ್ಲು ಹಚ್ಚಿ ಎಳೆದರು. ಬಿಚ್ಚಲಿಲ್ಲ. ಸೊಂಟದ ಚಾಕು ತೆಗೆದು ಒಂದೊಂದೇ ಹಗ್ಗ ಕೊಯ್ದರು, ಅಂಗೈ ಕೊಯ್ದುಕೊಂಡು ರಕ್ತ ಸುರಿಯುತ್ತಿದ್ದರೂ ಬಿಡಲಿಲ್ಲ. ಮೂರನೇ ಕಂಬದ ಹಗ್ಗ ತುಂಡಾದಾಗ ಕನಾತು ಕಳಚಿ ಬಿತ್ತು, ಜನ ಹೊರಗೆ ಉರುಳಿಕೊಂಡರು. ಎಷ್ಟೋ ಮಂದಿ ಎದ್ದು ಉಸಿರೆಳೆದುಕೊಂಡರು. ಐದು ಜನ ಏಳಲಿಲ್ಲ. ಅವರಲ್ಲಿ ಒಬ್ಬಳು ದಾವಣಗೆರೆ ಹತ್ತಿರದ ಹಳ್ಳಿ ಹದಡಿಯ ಪವಿತ್ರಾ, ಡಿಗ್ರಿ ಓದುತ್ತಿದ್ದ ಹುಡುಗಿ. ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಆಂಬುಲೆನ್ಸಿಗಾಗಿ ಕಾದೆ.

ಮರುದಿನ ಅಧ್ಯಕ್ಷರು ಅಂಗಡಿಗೆ ಬಂದರು. ‘ಜನ ನುಗ್ಗಿದ್ರು, ಹಂಗಾತು. ಹಗ್ಗದ ವಿಷಯ ನೀವು ಎತ್ತಬ್ಯಾಡ್ರಿ, ನಾವೂ ಎತ್ತಲ್ಲ’ ಅಂದರು. ಯಜಮಾನರು ನನ್ನ ಮುಖ ನೋಡಿ ಚಹಾ ಕಾಸಲು ಎದ್ದವರು ಮತ್ತೆ ಕೂತುಬಿಟ್ಟರು. ಅಧ್ಯಕ್ಷರು ಹೋದ ಮೇಲೆ, ‘ನೀನು ಬಾಯಿ ಮುಚ್ಕೊಂಡಿದ್ದು ಇಪ್ಪತ್ತೆಂಟು ವರ್ಷದಾಗ ನಾನು ನೋಡಿಲ್ಲ. ಹೋಗೋಣ ನಡಿ, ಸ್ಟೇಷನ್ನಿಗೆ ನಾನೂ ಬರ್ತೀನಿ’ ಅಂದರು. ಆ ಮನುಷ್ಯನ ಬಗ್ಗೆ ನಾನು ಎಷ್ಟು ತಮಾಷೆ ಮಾಡಿದರೂ ಆ ದಿನದ ಆ ಮಾತಿಗೆ ನನ್ನ ಜೀವ ಒಪ್ಪಿಸಬೇಕು. ಇನ್ಸ್‌ಪೆಕ್ಟರ್ ಒಬ್ಬ ಹೆಂಗಸು, ಚಿಕ್ಕ ವಯಸ್ಸು, ಮಾತು ಕಡಿಮೆ. ಅವರ ಮುಂದೆ, ‘ಬಿಗಿಯಾಗಿ ಕಟ್ಟಿಸಿದವಳು ನಾನು. ಕಾಕಾ ಕೇಳಿದ್ರು, ನಾನೇ ಬ್ಯಾಡ ಅಂದೆ’ ಎಂದು ಬರೆಸಿ ಸಹಿ ಹಾಕಿದೆ. ಆ ಕೇಸು ಇನ್ನೂ ನಡೆಯುತ್ತಿದೆ, ಕರೆದಾಗಲೆಲ್ಲ ಹೋಗಿ ನಿಲ್ಲುತ್ತೇನೆ.

ಖಾದರ್ ಕಾಕಾ ಹಗ್ಗ ಬಿಟ್ಟರು. ಅಂಗೈಯ ಹೊಲಿಗೆ ಬಿಚ್ಚಿದ ದಿನ ಅಂಗಡಿಗೆ ಬಂದು, ‘ಇನ್ನು ಈ ಕೈಲಿ ಗಂಟು ಹಾಕಲ್ಲಮ್ಮ’ ಅಂತ ಹೇಳಿ ದಾವಣಗೆರೆಯ ತಂಗಿಯ ಮನೆಗೆ ಹೋಗಿಬಿಟ್ಟರು. ನಾನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ಅಷ್ಟು ದಿನ ಸುಮ್ಮನೆ ಕೂತದ್ದು ನನ್ನ ಜೀವನದಲ್ಲೇ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಬ್ಬಳೇ ಬಸ್ಸು ಹತ್ತಿ ಹದಡಿಗೆ ಹೋದೆ. ಪವಿತ್ರಾಳ ತಾಯಿ ಹಾಲಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಮೆಕ್ಕೆಜೋಳ ಹರವಿ ಕಾಲಿನಿಂದ ಹೊರಳಾಡಿಸುತ್ತಿದ್ದರು. ಗಂಡ ಇಲ್ಲದ ಹೆಂಗಸು, ಎರಡೆಕರೆ ಹೊಲ ಒಬ್ಬರೇ ನೋಡಿಕೊಳ್ಳುವವರು. ನಾನು ಯಾರೆಂದು ಹೇಳಿದೆ. ಅವರು ತಲೆ ಎತ್ತಲಿಲ್ಲ.

‘ಯಾಕ ಬಂದ್ರಿ?’

‘ಹೇಳಕ್ಕೆ ಬಂದೆ. ಬಿಗಿಯಾಗಿ ಕಟ್ರಿ ಅಂದಾಕಿ ನಾನೇ.’

ಅವರು ಸಾಲಿನ ಕೊನೆವರೆಗೂ ಜೋಳ ಹೊರಳಿಸಿಕೊಂಡು ಹೋದರು, ತಿರುಗಿ ಬಂದರು. ‘ಸ್ವಲ್ಪ ಸರೀರಿ, ಜೋಳದ ಮ್ಯಾಲೆ ನಿಂತೀರಿ’ ಅಂದರು. ಸರಿದೆ. ಬೈಯುತ್ತಾರೆಂದು ತಯಾರಾಗಿ ಹೋಗಿದ್ದೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಒಳಗೆ ಹೋಗಿ ನೀರು ತಂದು ಕೊಟ್ಟರು. ಹಿಂದಿನಿಂದ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಳು, ಅಕ್ಕನ ಹಾಗೇ ಅಗಲ ಹಣೆ. ಕಿರಿಯ ಮಗಳು ಸಹನಾ.

‘ಇಕಿಗೂ ಹಾಡಿನ ಹುಚ್ಚು’ ಅಂದರು ಹಾಲಮ್ಮ. ‘ಇಬ್ರೂ ದಾವಣಗೆರೆಯಾಗ ಸುಮಂಗಲಾ ಟೀಚರ್ ಹತ್ರ ಕಲೀತಿದ್ರು. ಕಾಲೇಜು ಮುಗಿಸ್ಕೊಂಡು ಅಲ್ಲೇ ಕ್ಲಾಸು. ಈಗ ಇಕಿ ಕಾಲೇಜೂ ಇಲ್ಲ, ಕ್ಲಾಸೂ ಇಲ್ಲ. ಇಕಿ ಒಬ್ಳೇ ಅಲ್ಲ, ಊರಾಗಿನ ಹುಡುಗ್ಯಾರನ್ನೆಲ್ಲ ಮನ್ಯಾಗ ಕೂಡ್ಸ್ಯಾರೆ. ದಾವಣಗೆರೆ ಅಂದ್ರೆ ಸಾಕು, ಬ್ಯಾಡ ಅಂತಾರೆ.’

‘ಊರೋರು ಅಂದ್ರೆ ನೀವೂ ಕೇಳ್ತೀರಾ?’ ಅಂದೆ. ನನ್ನ ಬಾಯಿ ಅಲ್ಲೂ ಸುಮ್ಮನಿರಲಿಲ್ಲ.

ಹಾಲಮ್ಮ ಮೊದಲ ಸಲ ನನ್ನ ಕಣ್ಣು ನೋಡಿದರು. ‘ಊರೋರಿಗೆ ನಾನು ಯಾವಾಗ ಹೆದರೀನಿ? ನಂಗೇ ಭಯ ಐತೆ. ಬಸ್ಸು ಹತ್ತಿಸ್ಬೇಕು ಅಂತ ಬೆಳಗ್ಗೆ ಏಳ್ತೀನಿ, ಕೈಕಾಲು ಬರಲ್ಲ.’ ಆಮೇಲೆ ಲೋಟ ತೆಗೆದುಕೊಳ್ಳುತ್ತ, ‘ಅದೇ ಜಾಗದಾಗ ಮತ್ತೆ ಹಾಡಿಸ್ರಿ. ಅಷ್ಟೇ ಜನ ಬರ್ಲಿ. ಒಬ್ರಿಗೂ ಉಗುರು ಮುರೀಬಾರ್ದು. ನಾನು ಕಣ್ಣಾರೆ ನೋಡ್ಬೇಕು. ಆಗ ಕಳಿಸ್ತೀನಿ ಇಕಿನ’ ಅಂದರು. ಸಹನಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ತಿರುಗಿ ಬರುವ ಬಸ್ಸಿನಲ್ಲಿ ಅವಳ ಮುಖವೇ ಕಣ್ಣ ಮುಂದೆ ಇತ್ತು. ಸತ್ತವಳನ್ನು ತಂದುಕೊಡಲು ನನ್ನಿಂದ ಆಗುವುದಿಲ್ಲ, ಇದ್ದವಳನ್ನಾದರೂ ಆ ಹೊಸ್ತಿಲು ದಾಟಿಸಬೇಕು ಅಂದುಕೊಂಡೆ.

ಹೇಳುವುದು ಸುಲಭ. ಹಳೆಯ ಸಮಿತಿ ಚದುರಿಹೋಗಿತ್ತು. ಉತ್ಸವ ಅಂದರೆ ಜನ, ‘ಗಿರಿಜಕ್ಕಗ ತಲಿ ಕೆಟ್ಟೈತೆ’ ಅನ್ನುತ್ತಿದ್ದರು. ಸುಮಂಗಲಾ ಟೀಚರ್ ಮಾತ್ರ ಅನ್ನಲಿಲ್ಲ. ಮನೆಯ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವ, ಒಳ್ಳೆ ಕಂಠದ ಹೆಂಗಸು. ಆ ಸಂಜೆಯಿಂದ ಹಾರ್ಮೋನಿಯಂ ಮುಚ್ಚಿಟ್ಟಿದ್ದವರು. ‘ನೀವು ಪೆಂಡಾಲು ಕಟ್ರಿ, ನಾನು ಹಾಡ್ತೀನಿ. ಹೊರಗಿನೋರು ಯಾರೂ ಬ್ಯಾಡ, ನಮ್ಮ ಮಕ್ಳೇ ಸಾಕು’ ಅಂದರು. ಹೊಸ ಸಮಿತಿ ಅಂದರೆ ಅವರು, ಅವರ ಶಿಷ್ಯರ ಅಪ್ಪ ಅಮ್ಮಂದಿರು, ನಾನು.

ಬೇಸಿಗೆಯಲ್ಲಿ ಖಾದರ್ ಕಾಕಾರನ್ನು ಹುಡುಕಿಕೊಂಡು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಹೋದೆ. ಅವರ ತಂಗಿಯ ಮನೆಯವರದ್ದು ಅಲ್ಲೊಂದು ಭಟ್ಟಿ. ಉರಿಯ ಮುಂದೆ ಮರಳು ಬಾಣಲೆಯಲ್ಲಿ ಮಂಡಕ್ಕಿ ಅರಳುತ್ತಿತ್ತು, ಹೊಗೆಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಕಾಕಾ ಒಂದು ಮೂಲೆಯಲ್ಲಿ ಚೀಲ ಹಿಡಿದು ಕೂತಿದ್ದರು. ಪಕ್ಕದಲ್ಲಿ ಅವರ ತಂಗಿ ಹಸೀನಾ ಚೀಲಗಳ ಬಾಯಿ ಕಟ್ಟುತ್ತಿದ್ದರು. ಬೆರಳು ಒಂದು ಸಲ ಹೊರಳಿದರೆ ಒಂದು ಚೀಲ. ಅಷ್ಟರಲ್ಲಿ ಗಿರಾಕಿ ಬಂದು ಮಾಲು ನೋಡಬೇಕೆಂದ. ಹಸೀನಾ ದಾರದ ತುದಿ ಹಿಡಿದು ಒಂದು ಎಳೆದರು, ಚೀಲ ಬಾಯಿ ಬಿಟ್ಟಿತು.

‘ಇದ್ಯಾವ ಗಂಟು ಕಾಕಾ?’ ಅಂತ ಕೇಳಿದೆ.

‘ಇದು ಗಂಟೇ ಅಲ್ಲಮ್ಮ. ಹೆಂಗಸ್ರು ಹಾಕೋದು. ಒಂದು ಎಳೆದ್ರೆ ಬಿಚ್ಕೊಂಡು ಹೋಗುತ್ತೆ’ ಅಂತ ಕಾಕಾ ತಾತ್ಸಾರ ಮಾಡಿದರು.

‘ನಮಗೆ ಅದೇ ಬೇಕು.’

ಕಾಕಾ ನನ್ನನ್ನೇ ನೋಡಿದರು. ಅವರಿಗೆ ಅರ್ಥವಾಯಿತು, ಆದರೆ ಕೈಯ ಚೀಲ ಕೆಳಗಿಡಲಿಲ್ಲ. ಹಸೀನಾ ಸೊಂಟಕ್ಕೆ ಕೈ ಇಟ್ಟು, ‘ನಲವತ್ತು ವರ್ಷ ಬಿಚ್ಚದ ಗಂಟು ಹಾಕಿದ್ದು ಸಾಕು ಭಾಯ್. ಕೂಡ್ರಿ, ಬಿಚ್ಚೋದು ಕಲೀರಿ’ ಅಂದರು. ಹಗ್ಗದ ಮೇಷ್ಟ್ರು ಆ ಮಧ್ಯಾಹ್ನ ತಂಗಿಯ ಮುಂದೆ ಕೂತು ಜಾರುಗಂಟು ಕಲಿತರು. ಮೂರು ಸಲ ತಪ್ಪಿದರು, ಹಸೀನಾ ಮೂರು ಸಲವೂ ನಕ್ಕರು. ನಾನು ಆರು ತಿಂಗಳ ಮೇಲೆ ನಕ್ಕಿದ್ದು ಅವತ್ತೇ.

ಅನುಮತಿ ಕೇಳಲು ಸ್ಟೇಷನ್ನಿಗೆ ಹೋದೆ, ಇನ್ಸ್‌ಪೆಕ್ಟರ್ ಬಗ್ಗುವವರಲ್ಲ. ‘ಕನಾತೇ ಬೇಡ, ಬಯಲಲ್ಲೇ ಮಾಡಿ’ ಅಂದರು. ‘ಗೋಡೆ ಇಲ್ದಿದ್ರೆ ಎಲ್ಲಾ ಕಡೆಯಿಂದ ಒತ್ತಿಕೊಂಡು ವೇದಿಕೆಗೆ ಬರ್ತಾರ್ರಿ, ಎಷ್ಟು ಜನ ಒಳಗಿದ್ದಾರೆ ಅಂತಾನೂ ಗೊತ್ತಾಗಲ್ಲ. ಗೋಡೆ ಇರ್ಲಿ, ಎಲ್ಲೆಂದ್ರಲ್ಲಿ ತೆಗಿಯೋ ಹಂಗಿರ್ಲಿ’ ಅಂದೆ. ಅವರು ಪೆನ್ನಿನ ಕ್ಯಾಪು ಮುಚ್ಚಿದರು. ‘ಜನ ತುಂಬಿಸಿ, ಖಾಲಿ ಮಾಡಿ ತೋರಿಸಿ. ಆಮೇಲೆ ಅನುಮತಿ ಮಾತಾಡೋಣ’ ಅಂದರು. ಸರಿ ಅಂದೆ. ಸರಿ ಅನ್ನುವುದು ನನಗೆ ಯಾವಾಗಲೂ ಸುಲಭ, ಮಾಡುವುದು ಕಾಕಾರ ಪಾಲಿಗೆ.

ಮುಂಗಾರಿನ ಒಂದು ಭಾನುವಾರ ಅದೇ ಬಯಲಿನಲ್ಲಿ ಪೆಂಡಾಲು ಎತ್ತಿದೆವು. ಸುತ್ತ ಹನ್ನೆರಡು ಕಡೆ ಜಾರುಗಂಟು. ಹದಡಿಯಿಂದ ಹಾಲಮ್ಮ ಎರಡು ಟ್ರ್ಯಾಕ್ಟರ್ ಹೆಂಗಸರನ್ನು ತುಂಬಿಕೊಂಡು ಬಂದರು. ಹೇಗೆ ಹೊರಡಿಸಿದರೋ ದೇವರಿಗೇ ಗೊತ್ತು. ಭಟ್ಟಿಯ ಕಡೆಯಿಂದ ಹಸೀನಾ ತಮ್ಮ ದಂಡು ತಂದರು. ಹರಿಹರದ ಪಕ್ಕದ ಸಾರಥಿ ಊರಿನಿಂದ ನಮ್ಮ ನೆಂಟರು, ಟೀಚರ್ ಶಿಷ್ಯರು, ಹೀಗೆ ಪೆಂಡಾಲು ತುಂಬಿತು. ಇನ್ಸ್‌ಪೆಕ್ಟರ್ ಸೀಟಿ ಊದಿದರು.

ಆದದ್ದು ಹೇಳಲು ನಾಚಿಕೆ. ಜಡಿಮಳೆಗೆ ಸೆಣಬಿನ ಹಗ್ಗ ತಾನಾಗೇ ನೀರು ಕುಡಿದು ಅರ್ಧ ಗಂಟುಗಳು ಹಿಡಿದುಕೊಂಡವು. ತೆರೆದುಕೊಂಡ ಕಡೆಗೂ ಜನ ಹೋಗಲಿಲ್ಲ. ಪಕ್ಕದಲ್ಲೇ ಬಟ್ಟೆ ಕಳಚಿ ಬಿದ್ದಿದ್ದರೂ ಅದನ್ನು ದಾಟಿಕೊಂಡು ಎಲ್ಲರೂ ಮುಂದಿನ ದೊಡ್ಡ ಬಾಗಿಲಿಗೇ ಹೋಗಿ ಒತ್ತಿ ನಿಂತರು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿ ಸುಮ್ಮನೆ ಜೀಪು ಹತ್ತಿದರು. ನಾನು ಕೆಸರಿನಲ್ಲೇ ಕೂತುಬಿಟ್ಟೆ. ಎಲ್ಲ ಮುಗಿಯಿತು ಅನ್ನಿಸಿತು.

ಹಾಲಮ್ಮ ಬಂದು ನನ್ನ ರಟ್ಟೆ ಹಿಡಿದು ಎತ್ತಿದರು. ‘ಏಳ್ರಿ ಮ್ಯಾಲೆ. ಅಳೋದು ಆಮ್ಯಾಲೆ. ಬಂದ ಬಾಗ್ಲೇ ಎಲ್ಲರ ಕಣ್ಣಿಗೆ ಕಾಣೋದು. ನಾನೂ ಅತ್ಲಾಗೇ ಹೋದೆ, ಪಕ್ಕದಾಗ ತೆಗೆದಿದ್ದು ನೋಡೇ ಇಲ್ಲ. ಹನ್ನೆರಡು ಕಡೆಯಿಂದ ಹೊರಗ ಕಳಿಸ್ಬೇಕು ಅಂದ್ರೆ ಹನ್ನೆರಡು ಕಡೆಯಿಂದ ಒಳಗ ಬಿಡ್ರಿ.’

ಇಷ್ಟು ವರ್ಷ ಪೆಂಡಾಲು ಕಟ್ಟಿದ ನನಗೆ ಹೊಳೆಯದ್ದು ಆ ಹೆಂಗಸಿಗೆ ಒಂದು ಸಲಕ್ಕೆ ಹೊಳೆಯಿತು. ಕಾಕಾ ಒದ್ದೆ ಹಗ್ಗ ಹಿಂಡುತ್ತ, ‘ಸೆಣಬು ಬ್ಯಾಡಮ್ಮ. ನೈಲಾನ್ ಆದ್ರೆ ಎಳೀದಿದ್ರೂ ತಾನಾಗೇ ಜಾರುತ್ತೆ. ಹಳೇ ಹತ್ತಿ ಸೀರೆ ಹರಿದು ಕಟ್ಟಿದ್ರೆ ನಿಲ್ಲುತ್ತೆ, ಎಳೆದ್ರೆ ಬರುತ್ತೆ, ಅಗಲ ಪಟ್ಟಿ ಆದ್ರೆ ನೀರಿಗೂ ಸೆಣಬಿನಂಗೆ ಹಿಡ್ಕೊಳ್ಳಲ್ಲ’ ಅಂದರು. ಹಗ್ಗದ ಬಗ್ಗೆ ಅವರು ಮಾತಾಡಿದ್ದು ಕೇಳಿ ನನ್ನ ಅಳು ಅಲ್ಲೇ ನಿಂತಿತು.

ಮಳೆಗಾಲವೆಲ್ಲ ಹದಡಿಯ ಹಾಲಮ್ಮನ ಪಡಸಾಲೆ ಸೀರೆಗಳಿಂದ ತುಂಬಿತ್ತು. ಊರಿನ ಹೆಂಗಸರು ಸಂಜೆ ಬಂದು ಕೂತು ಸೀರೆ ಹರಿಯುತ್ತಿದ್ದರು, ಒಂದೊಂದು ಬಾಗಿಲಿಗೆ ಒಂದೊಂದು ಬಣ್ಣ. ಬಾಗಿಲಿಗೆ ಅಗಲ ಪಟ್ಟಿ, ಆ ಬಾಗಿಲಿನಿಂದ ಬಂದವರ ಕೈಗೆ ಕಟ್ಟಲು ಅದೇ ಸೀರೆಯ ಸಣ್ಣ ಚೂರು. ಹರಿಯುತ್ತ ಬೈಯುತ್ತಿದ್ದರು, ನಗುತ್ತಿದ್ದರು, ಯಾವ ಸೀರೆ ಯಾರ ಮದುವೆಯದ್ದೆಂದು ಜಗಳವಾಡುತ್ತಿದ್ದರು. ಮನೆಯಲ್ಲಿ ಕೂಡಿಹಾಕಿದ್ದ ಹುಡುಗಿಯರೂ ಬಂದು ಕೂರತೊಡಗಿದರು. ಸಹನಾ ಒಂದು ದಿನ ಪಟ್ಟಿ ಸುತ್ತುತ್ತ ಸಣ್ಣ ದನಿಯಲ್ಲಿ ಗುನುಗಿದಳು. ಹಾಲಮ್ಮ ಗದರಿಸಲಿಲ್ಲ. ಯಾರೋ ಪವಿತ್ರಾಳ ಹಸಿರು ಸೀರೆಯನ್ನೂ ಕೊಡಬಹುದಲ್ಲ ಅಂದಾಗ ಮಾತ್ರ ಹಾಲಮ್ಮ ಖಡಾಖಂಡಿತವಾಗಿ, ‘ಅದನ್ನ ಹರಿಯಂಗಿಲ್ಲ. ಅದು ಸಹನಾ ಉಡ್ತಾಳೆ’ ಅಂದರು.

ದಸರೆ ಮುಗಿದ ಮೇಲೆ ಎರಡನೇ ಸಲ ತೋರಿಸಿದೆವು. ಇನ್ಸ್‌ಪೆಕ್ಟರ್ ಸೀಟಿ ಊದಿ, ಗಡಿಯಾರ ನೋಡಿ, ತಲೆ ಎತ್ತುವಷ್ಟರಲ್ಲಿ ಪೆಂಡಾಲಿನಲ್ಲಿ ಅವರೊಬ್ಬರೇ ನಿಂತಿದ್ದರು. ಮಾತಿಲ್ಲದ ಆ ಹೆಂಗಸು ಮೊದಲ ಸಲ ನಕ್ಕರು. ‘ನನ್ನ ಕೈಗೂ ಒಂದು ಚೂರು ಕಟ್ಟಿ’ ಅಂದರು. ಅನುಮತಿ ಬರೆದುಕೊಟ್ಟರು.

ಚಳಿಗಾಲ ಬಂತು. ಉತ್ಸವದ ಭಾನುವಾರ ಬೆಳಗ್ಗೆಯಿಂದ ಮೋಡ. ಎಲ್ಲೋ ಕಡಲಿನಲ್ಲಿ ಎದ್ದ ಚಂಡಮಾರುತ ನಮ್ಮ ಬಯಲುಸೀಮೆಗೂ ಬಾಲ ಬೀಸಿತ್ತು. ಟೀಚರ್ ಫೋನು ಮಾಡಿ, ‘ಮುಂದಕ್ಕೆ ಹಾಕೋಣೇನು?’ ಅಂದರು. ನನಗೂ ಹೆದರಿಕೆಯಿತ್ತು, ಆದರೂ, ‘ಮಳಿಗೆ ಹೆದರೋ ಪೆಂಡಾಲಾದ್ರೆ ಯಾಕ ಬೇಕ್ರಿ?’ ಅಂದೆ. ಸಂಜೆ ಬೆಳಕಿರುವಾಗಲೇ ಜನ ಬಂದರು. ಜನ ಬರುವುದೇ ಇಲ್ಲ ಅಂದವರೂ ಬಂದರು. ಹನ್ನೆರಡು ಬಾಗಿಲಿನಲ್ಲೂ ಸಾಲು, ಒಬ್ಬೊಬ್ಬರ ಕೈಗೂ ಬಣ್ಣದ ಚೂರು. ಒಂದೊಂದು ಬಾಗಿಲಿಗೂ ಒಬ್ಬೊಬ್ಬ ಹೆಂಗಸು, ಪಟ್ಟಿಯ ತುದಿಯನ್ನು ಕೈಯಲ್ಲಿ ಸುತ್ತಿಕೊಂಡು ಕೂತವರು. ಕೆಂಪು ಬಾಗಿಲಿಗೆ ಹಸೀನಾ, ನೀಲಿಗೆ ಹಾಲಮ್ಮ. ನೀಲಿ ಅಂದರೆ ಎಡಗಡೆಯ ಮೂಲೆ. ಅದನ್ನು ಅವರೇ ಕೇಳಿ ತೆಗೆದುಕೊಂಡಿದ್ದರು. ಸಹನಾ ಅಕ್ಕನ ಹಸಿರು ಸೀರೆ ಉಟ್ಟು ಬಂದಿದ್ದಳು. ಅವಳನ್ನು ಗೆಳತಿಯರ ಜೊತೆ ಆ ಕಡೆಯ ಹಳದಿ ಬಾಗಿಲಿನಿಂದ ಒಳಗೆ ಕಳಿಸುವಾಗ ಹಾಲಮ್ಮನ ತುಟಿ ಬಿಳುಚಿದ್ದನ್ನು ನಾನು ನೋಡಿದೆ.

ಟೀಚರ್ ಹಾಡಲು ಶುರು ಮಾಡಿ ಅರ್ಧ ಗಂಟೆ ಆಗಿರಬಹುದು. ಗಾಳಿ ನುಗ್ಗಿತು. ಮೇಲಿನ ಬಟ್ಟೆ ಒಂದು ಸಲ ಎದ್ದು ಬಡಿಯಿತು, ಹಿಂದೆಯೇ ಮಳೆ, ಮಳೆಯ ಹಿಂದೆಯೇ ಕರೆಂಟು ಹೋಯಿತು. ಮೈಕು ಸತ್ತಿತು. ಆ ಕತ್ತಲೆಯಲ್ಲಿ ಸಾವಿರಾರು ಜನ ಒಟ್ಟಿಗೆ ಎದ್ದು ನಿಂತ ಸದ್ದು ಕೇಳಿಸಿತು. ಹೋದ ವರ್ಷದ್ದೇ ಸದ್ದು. ನನ್ನ ಗಂಟಲಿನಿಂದ ಮಾತೇ ಹೊರಡಲಿಲ್ಲ, ಜೀವನದಲ್ಲಿ ಮೊದಲ ಸಲ.

ಆಗ ಎಡಮೂಲೆಯಿಂದ ಹಾಲಮ್ಮನ ದನಿ ಬಂತು. ಹೊಲದಿಂದ ಹೊಲಕ್ಕೆ ಕೂಗಿ ರೂಢಿಯಾದ ದನಿ. ‘ನೀಲಿಯೋರು ಇತ್ಲಾಗ್ ಬರ್ರಿ, ನಿಧಾನಕ್ಕ ಬರ್ರಿ.’ ಪಟ್ಟಿ ಎಳೆದರು, ಕನಾತು ಕಳಚಿ ಬಿತ್ತು, ಹೊರಗಿನ ಬೂದು ಬೆಳಕು ಒಳಗೆ ಬಂತು. ಆ ಕಡೆಯಿಂದ ಹಸೀನಾ, ‘ಕೆಂಪು ಇಲ್ಲಿ, ಕೆಂಪು ಇಲ್ಲಿ’ ಅಂದರು. ಒಂದರ ಹಿಂದೆ ಒಂದು ಹನ್ನೆರಡೂ ಕಡೆ ಬಟ್ಟೆ ಬಿತ್ತು. ಕತ್ತಲೆಯ ಪೆಂಡಾಲಿಗೆ ಹನ್ನೆರಡು ಕಡೆಯಿಂದ ಬೆಳಕು. ಜನ ಒಂದು ಕ್ಷಣ ತಡೆದರು, ಆಮೇಲೆ ತಾವು ಬಂದ ಕಡೆಗೆ ತಿರುಗಿದರು. ಓಡಲಿಲ್ಲ. ಓಡುವ ಅಗತ್ಯವೇ ಇರಲಿಲ್ಲ, ಬಾಗಿಲು ಹತ್ತು ಹೆಜ್ಜೆಯಲ್ಲಿತ್ತು. ಮುದುಕಿಯೊಬ್ಬರು, ‘ತಡೀರಿ, ನನ್ನ ಎಲೆ ಅಡಿಕೆ ಚೀಲ ಬಿಟ್ಟೆ’ ಅಂತ ವಾಪಸು ಹೋಗಿ ತಂದುಕೊಂಡರು. ನೋಡುತ್ತ ನೋಡುತ್ತ ಪೆಂಡಾಲು ಖಾಲಿಯಾಯಿತು. ಖಾದರ್ ಕಾಕಾ ಟಾರ್ಚು ಹಿಡಿದು ಒಂದೊಂದು ಸಾಲೂ ನೋಡಿಕೊಂಡು ಬಂದರು. ‘ಒಬ್ರೂ ಇಲ್ಲಮ್ಮ’ ಅಂದರು. ಮತ್ತೆ ಹೇಳಿದರು, ‘ಒಬ್ರೂ ಬಿದ್ದಿಲ್ಲಮ್ಮ.’ ಆ ವಯಸ್ಸಾದ ಮನುಷ್ಯ ಟಾರ್ಚು ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರ ಕೈ ಹಿಡಿದುಕೊಂಡೆ. ಆ ಹೊತ್ತಿನ ಸಂತೋಷ ನನ್ನ ಮದುವೆಯ ದಿನವೂ ನನಗೆ ಆಗಿರಲಿಲ್ಲ, ಇದನ್ನು ಯಜಮಾನರು ಓದಿದರೂ ಅಡ್ಡಿಯಿಲ್ಲ.

ಹಾಲಮ್ಮ ಮಾತ್ರ ನೀಲಿ ಬಾಗಿಲು ಬಿಟ್ಟು ಕದಲಿರಲಿಲ್ಲ. ತಮ್ಮ ಕಡೆಯ ಕೊನೆಯ ಮನುಷ್ಯ ಹೊರಗೆ ಹೋಗುವವರೆಗೂ ಮಗಳು ಎಲ್ಲಿದ್ದಾಳೆಂದು ತಿರುಗಿಯೂ ನೋಡಿರಲಿಲ್ಲ. ಎಲ್ಲ ಹೋದ ಮೇಲೆ ಸೆರಗನ್ನು ತಲೆಗೆ ಎಳೆದುಕೊಂಡು ಮಳೆಯಲ್ಲೇ ಪೆಂಡಾಲು ಸುತ್ತಿ ಹಳದಿ ಬಾಗಿಲಿನ ಕಡೆ ಹೊರಟರು. ಓಡುತ್ತಿದ್ದರು, ಎರಡು ಸಲ ಜಾರಿದರು. ನಾನೂ ಹಿಂದೆ ಓಡಿದೆ.

ಹಳದಿ ಬಾಗಿಲಿನ ಹೊರಗೆ ಮಂಡಕ್ಕಿ ಗಾಡಿಯೊಂದು ತಗಡಿನ ಸೂರಿನ ಕೆಳಗೆ ನಿಂತಿತ್ತು. ಅದರ ಸುತ್ತ ಹುಡುಗಿಯರು ಗುಂಪಾಗಿ ನಿಂತು ಮಿರ್ಚಿ ತಿನ್ನುತ್ತಿದ್ದರು. ನಡುವೆ ಸಹನಾ. ಖಾರಕ್ಕೆ ಮೂಗು ಕೆಂಪಾಗಿತ್ತು, ಏನೋ ಹೇಳಿ ನಗುತ್ತಿದ್ದಳು. ಅಮ್ಮನನ್ನು ಅವಳು ನೋಡಲಿಲ್ಲ, ಹುಡುಕುತ್ತಲೂ ಇರಲಿಲ್ಲ. ಹಾಲಮ್ಮ ಕರೆಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಇಬ್ಬರೂ ನೆನೆಯುತ್ತ ಅಲ್ಲೇ ನಿಂತೆವು.

ಅರ್ಧ ಗಂಟೆಯಲ್ಲಿ ಮಳೆ ನಿಂತು ಜನರೇಟರು ಹತ್ತಿತು. ಒಳಗೆ ಟೀಚರ್ ಶ್ರುತಿ ಹಿಡಿದರು. ಜನ ಮನೆಗೆ ಹೋಗುತ್ತಾರೆಂದುಕೊಂಡಿದ್ದೆ, ಅವರು ಕಾಲು ಒರೆಸಿಕೊಳ್ಳುತ್ತ ತಮ್ಮ ತಮ್ಮ ಬಾಗಿಲಿನಿಂದ ಮತ್ತೆ ಒಳಗೆ ಬಂದು ಕೂತರು. ಹುಡುಗಿಯರೂ ಗಾಡಿಯವನಿಗೆ ತಟ್ಟೆ ವಾಪಸು ಕೊಟ್ಟು ಹಸಿರು ಸೀರೆಯ ಹಿಂದೆ ಒಬ್ಬೊಬ್ಬರಾಗಿ ಒಳಗೆ ಹೋದರು.

‘ನಾಳೆ ಸೋಮವಾರ ಅಲ್ವಾ?’ ಅಂದರು ಹಾಲಮ್ಮ.

‘ಹೂಂ.’

‘ಎಂಟೂವರೆ ಬಸ್ಸಿಗೆ ಹತ್ತಿಸ್ತೀನಿ.’

‘ನೀವೂ ಜೊತಿಗೆ ಬರ್ತೀರೇನು?’

‘ನಾನ್ಯಾಕ ಬರ್ಲಿ, ನಂಗೆ ಹೊಲ್ದಾಗ ಕೆಲಸ ಐತೆ’ ಅಂದರು ಹಾಲಮ್ಮ, ಸೆರಗು ಹಿಂಡುತ್ತ. ‘ಒಬ್ಳೇ ಹೋಗ್ತಾಳೆ.’